ವೈಪಿಎಫ್ ಪ್ರಕರಣ: ಸರ್ಕಾರವೇ ಬರೆಸಿ, ಸರ್ಕಾರವೇ ಮುರಿದ ಒಂದು ಕಲಂ

2012 ಏಪ್ರಿಲ್ 16, ಸೋಮವಾರ. ಅರ್ಜೆಂಟೀನಾ ಅಧ್ಯಕ್ಷೆ ಕ್ರಿಸ್ಟಿನಾ ಫರ್ನಾಂಡಿಸ್ ದೆ ಕಿರ್ಚ್ನರ್ ಟಿವಿಲಿ ಬಂದು, ದೇಶದ ಅತಿ ದೊಡ್ಡ ತೈಲ ಕಂಪನಿ ವೈಪಿಎಫ್‌ನ 51 ಪರ್ಸೆಂಟ್ ಷೇರನ್ನ ಸರ್ಕಾರ ವಶಕ್ಕೆ ತಗೊಳ್ಳುತ್ತೆ ಅಂತ ಘೋಷಿಸಿದ್ರು. ಅದೇ ದಿನ ಡಿಕ್ರಿ 530 (ಇಲ್ಲಿ ಡಿಕ್ರಿ ಅಂದ್ರೆ ಕೋರ್ಟಿನದಲ್ಲ, ಸರ್ಕಾರದ ಆದೇಶ) ಹೊರಟು ಕಂಪನಿ ಆಡಳಿತನೂ ಸರ್ಕಾರದ ಕೈಗೆ ಬಂತು, ಯೋಜನಾ ಮಂತ್ರಿ ಹೂಲಿಯೊ ದೆ ವಿಡೊ ಅವರನ್ನ ಅಲ್ಲಿ ತಂದು ಕೂರಿಸಿದ್ರು.

ಆಗ ಪೇಪರ್ ಓದಿದವರಿಗೆ ಇದು ಸ್ಪೇನ್‌ನ ರೆಪ್ಸಾಲ್ ಕಂಪನಿಗೂ ಅರ್ಜೆಂಟೀನಾ ಸರ್ಕಾರಕ್ಕೂ ಬಿದ್ದ ಜಗಳ ಅಂತ ಕಾಣಿಸ್ತು, ಯಾಕಂದ್ರೆ ಆ 51 ಪರ್ಸೆಂಟನ್ನೂ ಪೂರ್ತಿ ರೆಪ್ಸಾಲ್ ಹತ್ರನೇ ಕಿತ್ಕೊಂಡಿದ್ದು. ಆದ್ರೆ ರೆಪ್ಸಾಲ್ ಜೊತೆ ಎರಡೇ ವರ್ಷದಲ್ಲಿ ರಾಜಿ ಆಯ್ತು. 2023ರಲ್ಲಿ ನ್ಯೂಯಾರ್ಕ್ ಕೋರ್ಟಲ್ಲಿ 1,610 ಕೋಟಿ ಡಾಲರ್ ತೀರ್ಪು ಬಂತಲ್ಲ, ಅದು ಸರ್ಕಾರ ಯಾರ ಒಂದು ಷೇರನ್ನೂ ಮುಟ್ಟಿರಲಿಲ್ವೋ ಅಂಥವರ ಕೇಸಲ್ಲಿ ಬಂದಿದ್ದು. ಅವರ ದೂರು ಇಷ್ಟೇ: ನೀವು ನಮ್ಮ ಷೇರು ಯಾಕೆ ಕೊಂಡ್ಕೊಳ್ಳಲಿಲ್ಲ?

ಕಂಪನಿ ಕಾನೂನು ಓದೋರು, ಶೇರ್ ಮಾರ್ಕೆಟಲ್ಲಿ ದುಡ್ಡು ಹಾಕೋರು ಎಲ್ಲರೂ ಈ ಪ್ರಕರಣನ ಒಂದ್ಸಲ ಮೊದಲಿಂದ ಕೊನೆವರೆಗೂ ನೋಡ್ಬೇಕು ಅನ್ನೋದು ನನ್ನ ಆಸೆ, ಅದಕ್ಕೇ ಸ್ವಲ್ಪ ಉದ್ದ ಬರೀತಿದ್ದೀನಿ.

ಮೊದಲು ಕಂಪನಿ ಯಾವ ತರದ್ದು ಅಂತ ನೋಡೋಣ. ಸ್ಪ್ಯಾನಿಷ್ ಮಾತಾಡೋ ದೇಶಗಳಲ್ಲಿ ಕಂಪನಿ ಹೆಸರಿನ ಕೊನೆಗೆ ಎಸ್.ಎ. ಅಂತ ಇರುತ್ತೆ, ಅದು ಸೊಸಿಯೆದಾದ್ ಅನೋನಿಮಾ, ಅಂದ್ರೆ ಹೆಸರಿಲ್ಲದವರ ಕಂಪನಿ. ಪಾಲುದಾರಿಕೆ ವ್ಯಾಪಾರದಲ್ಲಿ ಮಾಲೀಕನ ಹೆಸರು, ಅವನ ಮನೆ, ಅವನ ಸಾಲ ಎಲ್ಲಾ ವ್ಯಾಪಾರದ ಜೊತೆ ಅಂಟ್ಕೊಂಡಿರುತ್ತೆ, ಇಲ್ಲಿ ಹಾಗಿಲ್ಲ, ಬಂಡವಾಳನ ಷೇರುಗಳಾಗಿ ಹಂಚಿರ್ತಾರೆ, ಷೇರಿಗೆ ಹಾಕಿದ ದುಡ್ಡು ಹೋದ್ರೆ ಅಷ್ಟೇ ಹೋಗುತ್ತೆ, ಕಂಪನಿ ಸಾಲಕ್ಕೆ ಷೇರುದಾರನ ಮನೆಗೆ ಯಾರೂ ಬರಲ್ಲ. ನಮ್ಮ ಪಬ್ಲಿಕ್ ಲಿಮಿಟೆಡ್‌ಗೆ ಹತ್ತಿರ ಅನ್ಬಹುದು. ಪ್ರೈವೇಟ್ ಲಿಮಿಟೆಡ್‌ಗೆ ಹತ್ತಿರ ಇರೋದು ಅರ್ಜೆಂಟೀನಾದಲ್ಲಿ ಎಸ್.ಆರ್.ಎಲ್., ಸ್ಪೇನಲ್ಲಿ ಎಸ್.ಎಲ್. ಮೆಕ್ಸಿಕೋದಲ್ಲಿ ಬಂಡವಾಳ ಏರಿಳಿಸೋಕೆ ಸುಲಭ ಆಗ್ಲಿ ಅಂತ ಎಸ್.ಎ. ದೆ ಸಿ.ವಿ. ಅಂತ ಇನ್ನೊಂದು ಬಾಲ ಸೇರಿಸ್ತಾರೆ, ಕೊಲಂಬಿಯಾ 2008ರಲ್ಲಿ ಎಸ್.ಎ.ಎಸ್. ಅನ್ನೋ ಸರಳ ರೂಪ ತಂತು. ಇವೆಲ್ಲ ಒಂದೇ ಮರದ ಕೊಂಬೆಗಳು.

ಅರ್ಜೆಂಟೀನಾದಲ್ಲಿ ಇದಕ್ಕೆಲ್ಲ ಬುಡ 1972ರ ಕಾನೂನು 19.550. ಆದ್ರೆ ಕಾನೂನು ಕೊಡೋದು ಅಸ್ಥಿಪಂಜರ ಮಾತ್ರ. ಷೇರುದಾರರ ಸಭೆ ಹೇಗೆ ನಡೀಬೇಕು, ಯಾವ ವರ್ಗದ ಷೇರಿಗೆ ಯಾವ ಹಕ್ಕು, ಯಾರು ಎಷ್ಟು ಷೇರು ಕೊಂಡ್ರೆ ಏನು ಮಾಡ್ಬೇಕು, ಇದನ್ನೆಲ್ಲ ತುಂಬೋದು ಎಸ್ಟಾಟುಟೊ ಅನ್ನೋ ದಾಖಲೆ, ನಮ್ಮ ಆರ್ಟಿಕಲ್ಸ್ ಆಫ್ ಅಸೋಸಿಯೇಷನ್ ತರ. ಸಾಮಾನ್ಯವಾಗಿ ಇದನ್ನ ವಕೀಲರು ಬಿಟ್ರೆ ಯಾರೂ ಓದಲ್ಲ. ಈ ಪ್ರಕರಣ ಪೂರ್ತಿ ನಿಂತಿರೋದು ಅದರ ಎರಡು ಕಲಂ ಮೇಲೆ, 7 ಮತ್ತು 28.

ವೈಪಿಎಫ್ ಹುಟ್ಟಿದ್ದು 1922ರಲ್ಲಿ, ಸರ್ಕಾರಿ ಸಂಸ್ಥೆಯಾಗಿ. ಜನರಲ್ ಎನ್ರಿಕೆ ಮೊಸ್ಕೋನಿ ಅದನ್ನ ಕಟ್ಟಿ ಬೆಳೆಸಿದವರು, ಅಲ್ಲಿನವರಿಗೆ ಅದು ಬರೀ ಕಂಪನಿ ಅಲ್ಲ, ದೇಶದ ಮಾನದ ಪ್ರಶ್ನೆ, ಈ ಭಾವನೆ ಗೊತ್ತಿಲ್ದೇ ಹೋದ್ರೆ 2012ರಲ್ಲಿ ಪಾರ್ಲಿಮೆಂಟಲ್ಲಿ ವಿರೋಧ ಪಕ್ಷದವರೂ ಯಾಕೆ ಅಷ್ಟೊಂದು ಜನ ಕೈ ಎತ್ತಿದ್ರು ಅಂತ ಅರ್ಥ ಆಗಲ್ಲ. 1990ರಲ್ಲಿ ಕಾರ್ಲೋಸ್ ಮೆನೆಮ್ ಸರ್ಕಾರ ಡಿಕ್ರಿ ಹೊರಡಿಸಿ ಅದನ್ನ ಎಸ್.ಎ. ಮಾಡ್ತು, 1992ರಲ್ಲಿ ಮಾರೋಕೆ ಕಾನೂನು ತಂತು, 1993ರಲ್ಲಿ ನ್ಯೂಯಾರ್ಕ್ ಮತ್ತು ಬ್ಯೂನಸ್ ಐರಿಸ್ ಎರಡೂ ಕಡೆ ಷೇರು ಬಿಟ್ರು, ಷೇರಿಗೆ 19 ಡಾಲರ್. ಷೇರುಗಳನ್ನ ನಾಲ್ಕು ವರ್ಗ ಮಾಡಿದ್ರು: ಎ ಕೇಂದ್ರ ಸರ್ಕಾರದ್ದು, ಬಿ ಪ್ರಾಂತ್ಯಗಳದ್ದು, ಸಿ ನೌಕರರದ್ದು, ಡಿ ಸಾರ್ವಜನಿಕರದ್ದು. ಎ, ಬಿ, ಸಿ ಷೇರು ಹೊರಗಿನವರಿಗೆ ಮಾರಿದ್ರೆ ಅದು ಡಿ ಆಗುತ್ತೆ. ಎ ವರ್ಗದ ಒಂದೇ ಒಂದು ಷೇರು ಉಳಿದ್ರೂ ಕೆಲವು ದೊಡ್ಡ ನಿರ್ಧಾರಗಳಿಗೆ ಸರ್ಕಾರದ ಒಪ್ಪಿಗೆ ಬೇಕೇ ಬೇಕು ಅಂತ ಇಟ್ಕೊಂಡಿದ್ರು.

ಆಗ ಒಂದು ತೊಡಕಿತ್ತು. 1990ರ ಸುಮಾರಿಗೆ ಅರ್ಜೆಂಟೀನಾದ ಮೇಲೆ ಹೊರಗಿನ ಹೂಡಿಕೆದಾರರಿಗೆ ಎಳ್ಳಷ್ಟೂ ನಂಬಿಕೆ ಇರಲಿಲ್ಲ, 1989ರಲ್ಲಿ ಬೆಲೆ ಏರಿಕೆ ಹುಚ್ಚು ಹಿಡಿದಂಗೆ ಆಗಿ ಹೋಗಿತ್ತು. ಷೇರು ಕೊಳ್ಳೋನು ಕೇಳೋ ಮೊದಲ ಪ್ರಶ್ನೆ, ಇವತ್ತು ಮಾರಿದ್ದನ್ನ ನಾಳೆ ಸರ್ಕಾರ ವಾಪಸ್ ಕಿತ್ಕೊಂಡ್ರೆ ನಮ್ಮ ಗತಿ ಏನು? ಅದಕ್ಕೆ ಉತ್ತರವಾಗಿ ಬರೆದಿದ್ದೇ ಆ ಎರಡು ಕಲಂ. 7ನೇ ಕಲಂ ಪ್ರಕಾರ ಯಾರಾದ್ರೂ ಕಂಪನಿಯ 15 ಪರ್ಸೆಂಟ್ ಅಥವಾ ಅದಕ್ಕಿಂತ ಜಾಸ್ತಿ ಹಿಡಿಯೋಕೆ ಹೊರಟ್ರೆ ಉಳಿದ ಷೇರುದಾರರಿಗೆಲ್ಲ ನಗದು ಓಪನ್ ಆಫರ್ ಕೊಡ್ಬೇಕು, ಅಂದ್ರೆ ನಿಮ್ಮ ಷೇರನ್ನೂ ದುಡ್ಡು ಕೊಟ್ಟು ಕೊಳ್ತೀನಿ ಅಂತ ಮುಂದೆ ಬರ್ಬೇಕು, ಬೆಲೆನ ಹೇಗೆ ಲೆಕ್ಕ ಹಾಕ್ಬೇಕು ಅಂತ ಸೂತ್ರನೂ ಅಲ್ಲೇ ಇದೆ. 28ನೇ ಕಲಂ ಅದನ್ನೇ ಸರ್ಕಾರಕ್ಕೆ ಕಟ್ಟುತ್ತೆ: ನೇರವಾಗಿಯೋ ಸುತ್ತಿಬಳಸಿಯೋ, ಯಾವ ದಾರೀಲಿ ಬಂದ್ರೂ ಸರಿ, ಕೇಂದ್ರ ಸರ್ಕಾರದ ಪಾಲು ಅಥವಾ ಹಿಡಿತ 49 ಪರ್ಸೆಂಟ್ ಮುಟ್ಟಿದ್ರೆ ಓಪನ್ ಆಫರ್ ಕೊಡ್ಬೇಕು. ಕೊಡದೇ ಹಿಡಿದ ಷೇರಿಗೆ ವೋಟಿಲ್ಲ, ಡಿವಿಡೆಂಡ್ (ಲಾಭದ ಪಾಲು) ಇಲ್ಲ.

ಓಪನ್ ಆಫರ್ ನಮಗೆ ಗೊತ್ತಿರೋದೇ. ನಮ್ಮ ಶೇರ್ ಮಾರ್ಕೆಟ್ ನೋಡ್ಕೊಳ್ಳೋ ಸೆಬಿಯ 2011ರ ನಿಯಮದಲ್ಲಿ ಒಬ್ಬ 25 ಪರ್ಸೆಂಟ್ ದಾಟಿದ್ರೆ ಇನ್ನೂ ಕನಿಷ್ಠ 26 ಪರ್ಸೆಂಟಿಗೆ ಆಫರ್ ಕೊಡ್ಬೇಕು. ವ್ಯತ್ಯಾಸ ಏನಂದ್ರೆ ನಮ್ಮಲ್ಲಿ ಅದು ಮಾರ್ಕೆಟ್ ರೂಲು, ರೆಗ್ಯುಲೇಟರ್ ಕೈಯಲ್ಲಿದೆ. ವೈಪಿಎಫ್‌ನಲ್ಲಿ ಅದು ಕಂಪನಿಯ ಒಳಗಿನ ಒಪ್ಪಂದ, ಕಂಪನಿ ಪೂರ್ತಿ ಸರ್ಕಾರದ ಕೈಲಿದ್ದಾಗ ಸರ್ಕಾರವೇ ಮಾಡಿಕೊಂಡಿದ್ದು, ಅಮೆರಿಕದ ಹೂಡಿಕೆದಾರರಿಗೆ ಹಂಚಿದ ಪ್ರಾಸ್ಪೆಕ್ಟಸ್‌ನಲ್ಲೂ (ಷೇರು ಮಾರುವಾಗ ಕೊಡೋ ವಿವರಪತ್ರ) ಬರೆದು ಮಾರಿದ್ದು. ಆ ಮಾತಿಗೆ ಬೆಲೆ ಕಟ್ಟಿನೇ ಜನ 19 ಡಾಲರ್ ಕೊಟ್ಟಿದ್ದು.

ಇನ್ನು ಆ ಕಲಂ ಬರೀ ಕಾಗದದ ಮೇಲೆ ಇತ್ತಾ? ಇಲ್ಲ, ಎರಡು ಸಲ ಕೆಲಸ ಮಾಡಿದೆ.

1999 ಜನವರಿಯಲ್ಲಿ ರೆಪ್ಸಾಲ್ ಸರ್ಕಾರದ ಹತ್ರ 14.99 ಪರ್ಸೆಂಟ್ ಕೊಂಡ್ಕೊಳ್ತು, ಷೇರಿಗೆ 38 ಡಾಲರ್, ಒಟ್ಟು ಸುಮಾರು 201 ಕೋಟಿ ಡಾಲರ್. ಆ 14.99 ಅನ್ನೋ ಸಂಖ್ಯೆ ನೋಡಿ, 15ಕ್ಕೆ ಒಂದು ಕೂದಲೆಳೆ ಕಮ್ಮಿ, 7ನೇ ಕಲಂನ ಎದುರಿಗಿಟ್ಟುಕೊಂಡೇ ಲೆಕ್ಕ ಹಾಕಿದ್ದು. ಆಮೇಲೆ ಅದೇ ವರ್ಷ ಪೂರ್ತಿ ಕಂಪನಿ ಬೇಕು ಅಂದಾಗ ಎಲ್ಲ ಷೇರುದಾರರಿಗೂ ಷೇರಿಗೆ 44.78 ಡಾಲರ್‌ನಂತೆ ಆಫರ್ ಕೊಟ್ರು, ಸುಮಾರು 1,340 ಕೋಟಿ ಡಾಲರ್ ಆಯ್ತು. ಸರ್ಕಾರ ತನ್ನ ಹತ್ರ ಉಳಿದಿದ್ದ 5 ಪರ್ಸೆಂಟ್ ಚಿಲ್ಲರೆಯನ್ನೂ ಅದೇ ಆಫರ್‌ನಲ್ಲಿ 44.78ಕ್ಕೆ ಮಾರ್ತು. ಕೆಲವೇ ತಿಂಗಳ ಹಿಂದೆ 38ಕ್ಕೆ ಮಾರಿದವರು ಈಗ ಈ ಬೆಲೆ ತಗೊಂಡ್ರು. ಅಂದ್ರೆ ಕಲಂನ ಲಾಭ ಸರ್ಕಾರವೂ ಉಂಡಿದೆ. ಈ ವಿಷಯ ಚರ್ಚೆಯಲ್ಲಿ ಯಾರೂ ಜಾಸ್ತಿ ಎತ್ತಲ್ಲ, ನನಗೆ ಮಾತ್ರ ಇದು ತುಂಬಾ ಮುಖ್ಯ ಅನ್ಸುತ್ತೆ.

ಎರಡನೇ ಸಲ 2008ರಲ್ಲಿ. ಅಷ್ಟೊತ್ತಿಗೆ ಕಂಪನಿಲಿ ಒಬ್ಬ ಸ್ಥಳೀಯ ಪಾಲುದಾರ ಇರಬೇಕು ಅನ್ನೋ ಮಾತು ಜೋರಾಗಿತ್ತು. ಎಸ್ಕೆನಾಝಿ ಕುಟುಂಬದ ಪೀಟರ್ಸನ್ ಗ್ರೂಪು 14.9 ಪರ್ಸೆಂಟನ್ನ 223.5 ಕೋಟಿ ಡಾಲರ್‌ಗೆ ರೆಪ್ಸಾಲ್‌ನಿಂದ ತಗೊಳ್ತು, 15 ಮುಟ್ಟೋ ಲೆಕ್ಕ ಇದ್ದಿದ್ರಿಂದ ಉಳಿದವರಿಗೆ 49.45 ಡಾಲರ್‌ನಂತೆ ಆಫರ್ ಕೊಡ್ತು, 2011ರಲ್ಲಿ ಇನ್ನೂ 10 ಪರ್ಸೆಂಟ್ ಸೇರಿಸಿ ಒಟ್ಟು 25.46 ಪರ್ಸೆಂಟ್ ಮಾಡ್ಕೊಳ್ತು.

ಈ ಖರೀದಿಯ ಕಟ್ಟಡ ಹೇಗಿತ್ತು ಅಂತ ಸ್ವಲ್ಪ ನಿಂತು ನೋಡ್ಬೇಕು. ಕೊಂಡಿದ್ದು ಪೀಟರ್ಸನ್ ಎನರ್ಹೀಯಾ ಮತ್ತು ಪೀಟರ್ಸನ್ ಎನರ್ಹೀಯಾ ಇನ್ವರ್ಸೋರಾ ಅನ್ನೋ ಎರಡು ಕಂಪನಿ, ಎರಡೂ ಸ್ಪೇನಲ್ಲಿ ನೋಂದಣಿ, ಎರಡಕ್ಕೂ ಬಾಲ ಎಸ್.ಎ.ಯು. ಆ ಯು ಅಂದ್ರೆ ಯೂನಿಪರ್ಸೊನಾಲ್, ಒಬ್ಬನೇ ಷೇರುದಾರ ಇರೋ ಅನೋನಿಮಾ. ಅರ್ಜೆಂಟೀನಾದ ಕುಟುಂಬ, ಅರ್ಜೆಂಟೀನಾದ ತೈಲ, ಆದ್ರೆ ಹಿಡಿಯೋ ಪಾತ್ರೆ ಸ್ಪೇನಿನದು. ದುಡ್ಡಂತೂ ಬಹುಪಾಲು ಸಾಲ. ಮೊದಲ ಕಂತಿಗೆ ಬ್ಯಾಂಕುಗಳಿಂದ ನೂರು ಕೋಟಿ ಡಾಲರ್ ಮೇಲೆ, ಮಾರೋ ರೆಪ್ಸಾಲ್‌ನಿಂದಲೇ ಇನ್ನೂ ನೂರು ಕೋಟಿ ಡಾಲರ್ ಮೇಲೆ. ಹೌದು, ಮಾರುವವನೇ ಕೊಳ್ಳುವವನಿಗೆ ಸಾಲ ಕೊಟ್ಟ. ತೀರಿಸೋದು ಹೇಗೆ ಅಂದ್ರೆ ವೈಪಿಎಫ್ ತನ್ನ ಲಾಭದ 90 ಪರ್ಸೆಂಟನ್ನ ಡಿವಿಡೆಂಡ್ ಆಗಿ ಹಂಚುತ್ತೆ ಅಂತ ರೆಪ್ಸಾಲ್, ಪೀಟರ್ಸನ್ ಇಬ್ಬರೂ ಒಪ್ಪಂದ ಮಾಡ್ಕೊಂಡಿದ್ರು, ಆ ಡಿವಿಡೆಂಡ್‌ನಿಂದ ಕಂತು ಕಟ್ಟೋದು.

ಎಮ್ಮೆ ಹಾಲು ಮಾರಿ ಎಮ್ಮೆ ಸಾಲ ತೀರಿಸೋದು ಹಳ್ಳೀಲಿ ಮಾಡ್ತಾರೆ, ತಪ್ಪೇನಿಲ್ಲ. ಆದ್ರೆ ಅಷ್ಟೂ ಹಾಲು ಡೈರಿಗೆ ಹಾಕಿ ಎಮ್ಮೆಗೆ ಹಿಂಡಿ ಹಾಕದೇ ಇದ್ರೆ? ತೈಲ ಕಂಪನಿ ಲಾಭನೆಲ್ಲ ಹಂಚಿಬಿಟ್ರೆ ಹೊಸ ಬಾವಿ ಕೊರೆಯೋಕೆ ದುಡ್ಡೆಲ್ಲಿ? 2011ರ ಹೊತ್ತಿಗೆ ಅರ್ಜೆಂಟೀನಾ ಮಾರೋದಕ್ಕಿಂತ ಜಾಸ್ತಿ ಇಂಧನ ಹೊರಗಿಂದ ತರಿಸೋ ಸ್ಥಿತಿಗೆ ಬಂದಿತ್ತು. ಹೂಡಿಕೆ ಮಾಡ್ದೇ ಕಂಪನಿನ ಬರಿದು ಮಾಡಿದ್ರು ಅನ್ನೋದು ಸರ್ಕಾರದ ಆರೋಪ, ಅದರಲ್ಲಿ ಹುರುಳಿಲ್ಲ ಅಂತ ನಾನು ಹೇಳಲ್ಲ. ಆದ್ರೆ ಆ 90 ಪರ್ಸೆಂಟ್ ವ್ಯವಸ್ಥೆ ಕತ್ತಲಲ್ಲಿ ಆಗಿದ್ದಲ್ಲ. ನಿರ್ದೇಶಕರ ಮಂಡಳೀಲಿ ಸರ್ಕಾರದ ಪ್ರತಿನಿಧಿಯೂ ಇದ್ರು.

ಈಗ ಮತ್ತೆ 2012ಕ್ಕೆ. ಆಗ ರೆಪ್ಸಾಲ್ ಹತ್ರ 57.43 ಪರ್ಸೆಂಟ್, ಪೀಟರ್ಸನ್ ಹತ್ರ 25.46, ಹೆಚ್ಚುಕಮ್ಮಿ 17 ಪರ್ಸೆಂಟ್ ಮಾರ್ಕೆಟಲ್ಲಿ ಸಣ್ಣಪುಟ್ಟವರ ಮತ್ತು ಫಂಡುಗಳ ಕೈಲಿ. ಘೋಷಣೆಯ ಮಾರನೇ ದಿನ, ಏಪ್ರಿಲ್ 17ಕ್ಕೆ, ಉಪಮಂತ್ರಿ ಆಕ್ಸೆಲ್ ಕಿಸಿಲೊಫ್ ಸೆನೆಟ್‌ನಲ್ಲಿ ಮಾತಾಡಿದ್ರು. ಕಂಪನಿಯ ಎಸ್ಟಾಟುಟೊನ ಪಾಲಿಸಿ ಎಲ್ಲರ ಷೇರೂ ಕೊಳ್ಬೇಕು ಅಂದ್ರೆ 1,900 ಕೋಟಿ ಡಾಲರ್ ಬೇಕು, ಸರ್ಕಾರ ಹೋಗಿ ಆ ಕರಡಿ ಬೋನಿಗೆ ಬೀಳುತ್ತೆ ಅಂದ್ಕೊಂಡವರು ದಡ್ಡರು ಅನ್ನೋ ಅರ್ಥದಲ್ಲಿ ಹೇಳಿದ್ರು. ಕಲಂ ಇರೋದು ಗೊತ್ತಿಲ್ಲ ಅನ್ನೋ ವಾದಕ್ಕೆ ಅವತ್ತೇ ಬಾಗಿಲು ಮುಚ್ಚಿತು. ಹನ್ನೊಂದು ವರ್ಷ ಆದ್ಮೇಲೆ ತೀರ್ಪಲ್ಲಿ ಈ ಭಾಷಣ ಕಾಣಿಸ್ಕೊಂಡಿದೆ.

ಮೇ 3ಕ್ಕೆ ಕಾನೂನು 26.741 ಪಾಸಾಯ್ತು, ಸೆನೆಟ್‌ನಲ್ಲಿ 63ಕ್ಕೆ 3, ಕೆಳಮನೇಲಿ 207ಕ್ಕೆ 32. ರೆಪ್ಸಾಲ್‌ನ ಡಿ ವರ್ಗದ ಷೇರುಗಳಿಂದ ಕಂಪನಿಯ 51 ಪರ್ಸೆಂಟ್ ಸರ್ಕಾರಕ್ಕೆ, ಅದನ್ನ ನೂರು ಭಾಗ ಮಾಡಿದ್ರೆ 51 ಭಾಗ ಕೇಂದ್ರಕ್ಕೆ, 49 ಭಾಗ ತೈಲ ಸಿಗೋ ಪ್ರಾಂತ್ಯಗಳಿಗೆ. ಓಪನ್ ಆಫರ್ ಬಗ್ಗೆ ಒಂದಕ್ಷರ ಇಲ್ಲ.

ಇದೇ ಕಾನೂನಿನ 15ನೇ ಕಲಂ ನೋಡಿದ್ರೆ ನನಗೆ ಹೊಟ್ಟೆ ಉರಿಯುತ್ತೆ. ವೈಪಿಎಫ್ ಮುಂದೇನೂ ಎಸ್.ಎ. ಆಗಿಯೇ ಇರುತ್ತೆ, 19.550 ಕಾನೂನಿನ ಪ್ರಕಾರವೇ ನಡಿಯುತ್ತೆ ಅಂತ ಅಲ್ಲಿದೆ. ಸರ್ಕಾರಕ್ಕೆ ದೇಶದ ಹಿತಕ್ಕೆ ಅಂತ ಆಸ್ತಿ ವಶಪಡಿಸ್ಕೊಳ್ಳೋ ಅಧಿಕಾರ ಅರ್ಜೆಂಟೀನಾ ಸಂವಿಧಾನದ 17ನೇ ವಿಧಿಯಲ್ಲೇ ಇದೆ, ಪರಿಹಾರ ಕೊಟ್ಟು ತಗೋಬಹುದು, ಅದನ್ನ ಯಾರೂ ಪ್ರಶ್ನೆ ಮಾಡ್ತಿಲ್ಲ. ಬೇಕಿದ್ರೆ ಎಸ್.ಎ. ರೂಪನೇ ಬೇಡ ಅಂತ ಮೊದಲಿನ ತರ ಸರ್ಕಾರಿ ಸಂಸ್ಥೆ ಮಾಡಬಹುದಿತ್ತು, ಎಲ್ಲರ ಷೇರಿಗೂ ಪರಿಹಾರ ಕೊಟ್ಟು ನ್ಯೂಯಾರ್ಕ್ ಮಾರ್ಕೆಟಿಂದ ಎದ್ದು ಬರಬಹುದಿತ್ತು. ಅದು ಬೇಡ. ಹೊರಗಿಂದ ಬಂಡವಾಳ ಎತ್ತೋಕೆ, ಸರ್ಕಾರಿ ಇಲಾಖೆಯ ಕಟ್ಟುಪಾಡಿಲ್ಲದೇ ವ್ಯಾಪಾರ ಮಾಡೋಕೆ ಅನೋನಿಮಾ ರೂಪ ಬೇಕು, ಆದ್ರೆ ಅದೇ ಅನೋನಿಮಾ ಜೊತೆ ಇರೋರಿಗೆ ಕೊಟ್ಟ ಮಾತು ಬೇಡ. ಷೇರುದಾರನಾಗಿ ಒಳಗೆ ಬಂದವನು ಬಾಗಿಲಲ್ಲಿ ನಾನು ರಾಜ ಅನ್ನೋದು ಸರಿಯಲ್ಲ.

ಮುಂದೆ ಆಗಿದ್ದು ಬೇಗ ಹೇಳ್ತೀನಿ. ಡಿವಿಡೆಂಡ್ ನಿಂತಿತು, ಪೀಟರ್ಸನ್ ಕಂತು ಕಟ್ಟೋಕಾಗಲಿಲ್ಲ, ಸಾಲ ಕೊಟ್ಟವರು ಅಡ ಇದ್ದ ಷೇರುಗಳನ್ನ ಎತ್ಕೊಂಡ್ರು, ಆ ಎರಡು ಎಸ್.ಎ.ಯು.ಗಳೂ ಸ್ಪೇನಲ್ಲಿ ದಿವಾಳಿ ಅರ್ಜಿ ಹಾಕಿದ್ವು. ರೆಪ್ಸಾಲ್ 2014ರಲ್ಲಿ 500 ಕೋಟಿ ಡಾಲರ್ ಮುಖಬೆಲೆಯ ಅರ್ಜೆಂಟೀನಾ ಬಾಂಡ್ ತಗೊಂಡು ರಾಜಿ ಮಾಡ್ಕೊಂಡು ಹೊರಟು ಹೋಯ್ತು. ದಿವಾಳಿ ಆದ ಪೀಟರ್ಸನ್‌ನ ಪೆಟ್ಟಿಗೇಲಿ ಉಳಿದಿದ್ದು ಒಂದೇ ಆಸ್ತಿ, ಅರ್ಜೆಂಟೀನಾ ಮೇಲೆ ದಾವೆ ಹಾಕೋ ಹಕ್ಕು. ಲಂಡನ್ ಮತ್ತು ನ್ಯೂಯಾರ್ಕ್ ಎರಡೂ ಮಾರ್ಕೆಟಲ್ಲಿರೋ ಬರ್ಫರ್ಡ್ ಕ್ಯಾಪಿಟಲ್ ಅನ್ನೋ ದಾವೆಗಳಿಗೆ ಬಂಡವಾಳ ಹಾಕೋ ಕಂಪನಿ 2015ರಲ್ಲಿ 1.5 ಕೋಟಿ ಯೂರೋ ಕೊಟ್ಟು, ಗೆದ್ರೆ ಬರೋದ್ರಲ್ಲಿ 70 ಪರ್ಸೆಂಟ್ ತನಗೆ ಅಂತ ಬರೆಸ್ಕೊಳ್ತು. ಮಾರ್ಕೆಟಲ್ಲಿ ಸುಮಾರು 3 ಪರ್ಸೆಂಟ್ ಹಿಡಿದಿದ್ದ ಈಟನ್ ಪಾರ್ಕ್ ಅನ್ನೋ ಅಮೆರಿಕನ್ ಫಂಡೂ 2016ರಲ್ಲಿ ದಾವೆ ಹಾಕ್ತು.

ಕೋರ್ಟಲ್ಲಿ ಮೊದಲ ಪ್ರಶ್ನೆ, ಒಂದು ದೇಶದ ಮೇಲೆ ಇನ್ನೊಂದು ದೇಶದ ಕೋರ್ಟಲ್ಲಿ ದಾವೆ ನಡೆಯುತ್ತಾ ಅನ್ನೋದು. ಷೇರು ವಶಪಡಿಸ್ಕೊಂಡಿದ್ದು ಸಾರ್ವಭೌಮ ಕೆಲಸ ಆಗಿರಬಹುದು, ಆದ್ರೆ ಆಫರ್ ಕೊಡ್ತೀನಿ ಅಂದು ಕೊಡದೇ ಇದ್ದಿದ್ದು ವ್ಯಾಪಾರದ ಕೆಲಸ, ಅದಕ್ಕೆ ರಕ್ಷಣೆ ಇಲ್ಲ ಅಂತ 2018ರಲ್ಲಿ ಮೇಲ್ಮನವಿ ಕೋರ್ಟು ಹೇಳ್ತು, 2019ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಅರ್ಜಿ ಕೈಗೆತ್ಕೊಳ್ಳಲಿಲ್ಲ. ಎರಡನೇದು, ಕಲಂ ಮುರಿದ್ರೆ ಏನು ಶಿಕ್ಷೆ. ಅರ್ಜೆಂಟೀನಾದ ವಾದ, ಎಸ್ಟಾಟುಟೊ ಅನ್ನೋದು ಕಂಪನಿಯ ಒಳಾಡಳಿತದ ದಾಖಲೆ, ಷೇರುದಾರ ಷೇರುದಾರನ ಮೇಲೆ ಪರಿಹಾರಕ್ಕೆ ದಾವೆ ಹೂಡೋ ಒಪ್ಪಂದ ಅಲ್ಲ, ಶಿಕ್ಷೆ ವೋಟು ಡಿವಿಡೆಂಡ್ ಕಳ್ಕೊಳ್ಳೋದಷ್ಟೇ ಅಂತ. ಪೂರ್ತಿ ತಳ್ಳಿಹಾಕೋ ವಾದ ಅಲ್ಲ ಇದು, ಅನ್ವಯಿಸಬೇಕಾಗಿದ್ದೂ ಅರ್ಜೆಂಟೀನಾ ಕಾನೂನೇ, ಆದ್ರೆ ಆ ವೋಟನ್ನ ಸರ್ಕಾರ ಒಂದು ದಿನವೂ ಬಿಡದೇ ಹಾಕ್ತಾ ಬಂತಲ್ಲ. ನ್ಯಾಯಾಧೀಶೆ ಲೊರೆಟಾ ಪ್ರೆಸ್ಕಾ 2023 ಮಾರ್ಚ್ 31ಕ್ಕೆ ಸರ್ಕಾರ ಒಪ್ಪಂದ ಮುರಿದಿದೆ ಅಂದ್ರು, ವೈಪಿಎಫ್ ಕಂಪನಿನ ಮಾತ್ರ ಕೇಸಿಂದ ಬಿಟ್ರು.

ಕೊನೇ ಜಗಳ ತಾರೀಖಿನದು. ಬೆಲೆ ಸೂತ್ರಕ್ಕೆ ಒಂದು ದಿನ ಬೇಕು. ಸರ್ಕಾರ ಹಿಡಿತ ಸಾಧಿಸಿದ್ದು ಏಪ್ರಿಲ್ 16ಕ್ಕೋ, ಕಾನೂನು ಜಾರಿಗೆ ಬಂದ ಮೇ 7ಕ್ಕೋ? ಮೂರು ವಾರ ಅಷ್ಟೇ, ಆದ್ರೆ ಪೀಟರ್ಸನ್‌ಗೆ ಮೊದಲ ತಾರೀಖಿಗೆ ಅಸಲು ಸುಮಾರು 750 ಕೋಟಿ ಡಾಲರ್, ಎರಡನೇದಕ್ಕೆ 500 ಕೋಟಿಗಿಂತ ಸ್ವಲ್ಪ ಕಮ್ಮಿ. ಡಿಕ್ರಿ ಹೊರಟು ಕಂಪನಿ ಕೈಗೆ ಬಂದ ಏಪ್ರಿಲ್ 16ನ್ನೇ ಕೋರ್ಟು ಹಿಡೀತು, ವರ್ಷಕ್ಕೆ 8 ಪರ್ಸೆಂಟ್ ಬಡ್ಡಿ ಸೇರಿಸ್ತು. 2023 ಸೆಪ್ಟೆಂಬರ್ 15ಕ್ಕೆ ಪೀಟರ್ಸನ್‌ಗೆ ಸುಮಾರು 1,438 ಕೋಟಿ, ಈಟನ್ ಪಾರ್ಕ್‌ಗೆ 171 ಕೋಟಿ ಡಾಲರ್ ಅಂತ ಅಂತಿಮ ತೀರ್ಪಾಯ್ತು. ಬೋನು ಅಂತ ಪಕ್ಕಕ್ಕೆ ಸರಿಸಿದ ಆಫರ್‌ಗೆ ಸೆನೆಟ್‌ನಲ್ಲಿ ಹೇಳಿದ ಲೆಕ್ಕ 1,900 ಕೋಟಿ, ಅಷ್ಟು ಕೊಟ್ಟಿದ್ರೆ ಕೈಗೆ ಪೂರ್ತಿ ಕಂಪನಿ ಬರ್ತಿತ್ತು. ಪ್ರೆಸ್ಕಾ ತೀರ್ಪಿನಲ್ಲಿ 1,610 ಕೋಟಿ ಕೊಟ್ರೂ ಒಂದು ಷೇರೂ ಬರಲ್ಲ. ಅರ್ಜೆಂಟೀನಾ ಮೇಲ್ಮನವಿ ಹೋಯ್ತು. 2025 ಜೂನ್ 30ಕ್ಕೆ ಪ್ರೆಸ್ಕಾ ಆ 51 ಪರ್ಸೆಂಟ್ ಷೇರನ್ನೇ ಒಪ್ಪಿಸಿ ಅಂತ ಆದೇಶ ಕೊಟ್ರು, ಜುಲೈನಲ್ಲಿ ಮೇಲಿನ ಕೋರ್ಟು ಅದಕ್ಕೆ ತಡೆ ಕೊಡ್ತು, ಅಕ್ಟೋಬರ್ ಕೊನೇಲಿ ಮೇಲ್ಮನವಿಯ ವಾದ ನಡೀತು.

ಮೇಲಿನ ಕೋರ್ಟುಗಳ ಲೆಕ್ಕ ಏನೇ ಇರ್ಲಿ, ಬರ್ಫರ್ಡ್ ತನ್ನ ಹಕ್ಕಿನ 38.75 ಪರ್ಸೆಂಟ್ ಭಾಗನ ತೀರ್ಪಿಗೂ ಮುಂಚೆನೇ ಬೇರೆಯವರಿಗೆ ಮಾರಿ ಸುಮಾರು 23.6 ಕೋಟಿ ಡಾಲರ್ ಎತ್ಕೊಂಡಿತ್ತು. ಅದನ್ನ ನಾನು ತಪ್ಪು ಅನ್ನಲ್ಲ, ಅವರಿಲ್ಲದಿದ್ರೆ ಕೇಸೇ ನಡೀತಿರಲಿಲ್ಲ. ನನ್ನ ಮನಸ್ಸು ಹೋಗೋದು ಆ 17 ಪರ್ಸೆಂಟ್ ಕಡೆ. ಈಟನ್ ಪಾರ್ಕ್ ತೆಗೆದ್ರೆ ಹೆಚ್ಚುಕಮ್ಮಿ 14. ಅವರಿಗೂ ಅದೇ ಕಲಂ, ಅದೇ ಸೂತ್ರ, ಅದೇ ಬೆಲೆ ಬರೆದಿತ್ತು. ಏಪ್ರಿಲ್ 18ಕ್ಕೆ ನ್ಯೂಯಾರ್ಕಲ್ಲಿ ವೈಪಿಎಫ್ ವಹಿವಾಟು ಮತ್ತೆ ಶುರುವಾದಾಗ ಒಂದೇ ದಿನಕ್ಕೆ ಬೆಲೆ ಮೂರರಲ್ಲಿ ಒಂದು ಭಾಗ ಬಿತ್ತು, ಹೆದರಿ ಅವತ್ತೇ ಮಾರಿದವರಿಗೆ ಸಿಕ್ಕಿದ್ದು ಅಷ್ಟೇ. ಅವರ ಹೆಸರು ಪ್ರೆಸ್ಕಾ ತೀರ್ಪಿನ ಮೊತ್ತದಲ್ಲಿ ಇಲ್ಲ.